ಹೊತ್ತದ ಒಲೆ

ಅಣ್ಣಾ,

ನೀನು ಇದನ್ನು ಓದಲಾರೆ, ಆದರೂ ಹೇಳದೆ ಇರಲಾಗುತ್ತಿಲ್ಲ. ಪ್ರತಿ ವರ್ಷ ನೀನು ನಮ್ಮನ್ನು ಕರೆತರುತ್ತಿದ್ದ, ಅರಣ್ಯ ಇಲಾಖೆಯ ಆ ಬಾಡಿಗೆ ಮರದ ಮನೆಗೆ ನಿನ್ನ ಮಗಳನ್ನು ಕರೆತಂದಿದ್ದೇನೆ. ನೀನು ತೀರಿಕೊಂಡ ಮೇಲೆ ಇದೇ ಮೊದಲು. ಈಗಲೂ ಕರೆಂಟಿಲ್ಲ, ನೀರಿಗೆ ಹೊರಗಿನ ಕೈಪಂಪೇ ಗತಿ.

ಸಂಜೆ ಚಳಿ ಏರಿತು. ಕಬ್ಬಿಣದ ಒಲೆ ಹಚ್ಚಲು ಹೋದರೆ ಹೊಗೆಯೆಲ್ಲ ಕೊಳವೆಯಲ್ಲಿ ಮೇಲೆ ಹೋಗದೆ ಕೋಣೆಗೇ ತಿರುಗಿತು. ಊದಿ ಊದಿ ಕೆಂಡವಾದದ್ದು ನನ್ನ ಕಣ್ಣು, ಸೌದೆಯಲ್ಲ.

"ಚಿಕ್ಕಪ್ಪ, ಅಪ್ಪ ಏನೋ ಒಂದು ಎಳೀತಿದ್ರು," ಎಂದಳು, ಕೆಮ್ಮುತ್ತ.

"ಏನನ್ನ ಪುಟ್ಟಿ?"

"ಸರಿಯಾಗಿ ನೋಡಿಲ್ಲ. ನಿದ್ದೆಗಣ್ಣಲ್ಲಿರ್ತಿದ್ದೆ."

ನಾನೂ ನೋಡಿರಲಿಲ್ಲ. ಮನೆ ಬೆಚ್ಚಗಾದ ಮೇಲೇ ಏಳುತ್ತಿದ್ದವನು ನಾನು. ಒಲೆಯ ಸುತ್ತ ತಡಕಾಡಿ ಸಿಕ್ಕಿದ್ದನ್ನು ಎಳೆದೆ. ಹಿಡಿಕೆಯೇ ಕಿತ್ತು ಕೈಗೆ ಬಂತು. ಕೊನೆಗೆ ಅವಳನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿದೆ. ಇಬ್ಬರೂ ಒಣ ಬ್ರೆಡ್ಡು ತಿಂದೆವು.

ಆಮೇಲೆ ಅವಳು ನನ್ನನ್ನೇ ಸಮಾಧಾನ ಮಾಡುವವಳಂತೆ ಕೇಳಿದಳು: "ಅಪ್ಪಂಗೂ ಮೊದಲನೇ ಸಲ ಹಚ್ಚೋಕೆ ಬಂದಿರಲ್ಲ, ಅಲ್ವಾ?"

"ಬಂದಿರಲಿಲ್ಲ ಪುಟ್ಟಿ," ಎಂದೆ.

ಅದು ನಿಜವೋ ಸುಳ್ಳೋ ಹೇಳಬಲ್ಲವನು ನೀನೊಬ್ಬನೇ ಇದ್ದೆ.