ವೃಂದಾಳೊಬ್ಬಳನ್ನೇ ಕೇಳಿದ ಪ್ರಶ್ನೆ

ಕೋಡಂಬಾಕ್ಕಂ, ಚೆನ್ನೈ
18 ಜುಲೈ 2004, ಭಾನುವಾರ

ನನ್ನ ಮುದ್ದು ಭಾವನಾಗೆ,

ಅಮ್ಮನ ತುಂಬುಮನಸ್ಸಿನ ಆಶೀರ್ವಾದ. ನೀನು, ಅಳಿಯಂದಿರು, ಪುಟ್ಟಿ ಎಲ್ಲರೂ ಆರೋಗ್ಯವಾಗಿದ್ದೀರಿ ತಾನೇ? ಜಮ್‌ಶೆಡ್‌ಪುರದಲ್ಲಿ ಮಳೆ ಹಿಡಿದಿರಬಹುದು, ಮಗುವಿನ ಬಟ್ಟೆ ಒಣಗದಿದ್ದರೆ ಇಸ್ತ್ರಿಪೆಟ್ಟಿಗೆ ಆಡಿಸಿ ತೊಡಿಸು, ಹಸಿಯದನ್ನು ಹಾಕಬೇಡ. ಹಲ್ಲು ಬರುವ ಸಮಯ, ಸ್ವಲ್ಪ ಭೇದಿಯಾದರೆ ಗಾಬರಿಪಡಬೇಡ. ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳು. ನಾನು ಮಾಡಬೇಕಾಗಿದ್ದ ಬಾಣಂತನವನ್ನು ಆ ಮಹಾತಾಯಿ ಮುಖ ಗಂಟಿಕ್ಕದೆ ಮಾಡಿದರು. ಈ ಜನ್ಮದಲ್ಲಿ ಅದನ್ನು ಮರೆಯುವುದಿಲ್ಲ. ನನ್ನ ಆರೋಗ್ಯ ಚೆನ್ನಾಗಿದೆ. ಹೋದ ವಾರ ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಈ ಕಿಡ್ನಿ ನಿಮ್ಮ ಜೊತೆಯಲ್ಲೇ ಹುಟ್ಟಿದ ಹಾಗೆ ಕೆಲಸ ಮಾಡುತ್ತಿದೆ ಎಂದು ನಕ್ಕರು. ಉಪ್ಪಿನಕಾಯಿಯ ಜಾಡಿಯನ್ನು ಮಾತ್ರ ನಿನ್ನ ಅತ್ತಿಗೆ ವೃಂದಾ ಇನ್ನೂ ನನ್ನ ಕೈಗೆ ಎಟುಕದ ಅಟ್ಟದ ಮೇಲೇ ಇಟ್ಟಿದ್ದಾಳೆ.

ನೀನು ಮೊನ್ನೆ ಫೋನಿನಲ್ಲಿ, "ಅತ್ತಿಗೆ ಕಿಡ್ನಿ ಕೊಡ್ತೀನಿ ಅಂದ್ರೂ ಆರು ತಿಂಗಳು ನಿನ್ನನ್ನ ಆ ಡಯಾಲಿಸಿಸ್ ಮೆಷಿನ್‌ಗೆ ಕಟ್ಟಿಹಾಕಿಸಿದ್ರಲ್ಲ, ಸರ್ಕಾರಕ್ಕೆ ಯಾರಮ್ಮ ಇಷ್ಟು ಅಧಿಕಾರ ಕೊಟ್ಟಿದ್ದು?" ಎಂದು ಸಿಟ್ಟು ಮಾಡಿಕೊಂಡೆ. ನಾನು ಹ್ಞೂಂ ಹ್ಞೂಂ ಎಂದು ಸುಮ್ಮನಾದೆ. ನಿಮ್ಮ ಸುಬ್ರಾಯ ಮಾಮ ಪಕ್ಕದಲ್ಲೇ ಕೂತಿದ್ದ, ವೃಂದಾ ಅಡುಗೆಮನೆಯಲ್ಲಿದ್ದಳು, ಅವರೆದುರಿಗೆ ಹೇಳುವ ಮಾತಲ್ಲ ಅದು. ನೀನು ತುಂಬಿದ ಬಸುರಿ ಎಂದು ಆಗ ಎಲ್ಲವನ್ನೂ ಮುಚ್ಚಿಟ್ಟೆವು. ಈಗ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಮಗು ಮಲಗಿದ ಮೇಲೆ ನಿಧಾನವಾಗಿ ಓದು.

ನಿನಗೆ ಗೊತ್ತಿರುವುದು ಇಷ್ಟು: ನಿನ್ನ ಅಣ್ಣ ಗುರುಚರಣ ಗಿಂಡಿಯ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟ ಮೇಲೆ ನನಗೆ ರಕ್ತದೊತ್ತಡ ಏರಿತು, ಏರಿದ್ದು ಇಳಿಯಲಿಲ್ಲ, ಕೊನೆಗೆ ಎರಡೂ ಕಿಡ್ನಿ ಕೈಕೊಟ್ಟವು. ನಿನ್ನದು ನಿಮ್ಮಪ್ಪನ ರಕ್ತದ ಗುಂಪು, ನನಗೆ ಆಗಿಬರುವುದಿಲ್ಲ. ಸುಬ್ರಾಯನಿಗೆ ಸಕ್ಕರೆ ಕಾಯಿಲೆ. ಅವನೇ ಒಂದು ದಿನ ಊಟಕ್ಕೆ ಕೂತಾಗ, "ವೃಂದಾದೂ ಒಂದ್ಸಲ ಟೆಸ್ಟ್ ಮಾಡಿಸಿಬಿಡೋಣ ಅಕ್ಕ" ಎಂದ. ಅವಳು ಚಪಾತಿ ಲಟ್ಟಿಸುತ್ತಿದ್ದವಳು ತಲೆಯಾಡಿಸಿದಳು. ಪರೀಕ್ಷೆಯಲ್ಲಿ ಹೊಂದಿಕೆಯಾಯಿತು ಎಂದಾಗ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅವಳ ಮುಖ ನೋಡಲಿಲ್ಲ. ನೋಡಬೇಕೆಂದು ಹೊಳೆಯಲೇ ಇಲ್ಲ.

ಆಮೇಲೆ ಆಸ್ಪತ್ರೆಯವರು ಕಾನೂನು ಹೇಳಿದರು. ಗಂಡ, ಹೆಂಡತಿ, ಮಕ್ಕಳು, ಹೆತ್ತವರು, ಒಡಹುಟ್ಟಿದವರು ಇಷ್ಟು ಜನ ಕೊಡುವುದಾದರೆ ಸುಲಭ. ಸೊಸೆ ಆ ಪಟ್ಟಿಯಲ್ಲಿಲ್ಲ. ಸರ್ಕಾರದ ಸಮಿತಿ ಕರೆಸಿ ವಿಚಾರಿಸಿ ಒಪ್ಪಿದರೆ ಮಾತ್ರ ಆಪರೇಷನ್. ಸುಬ್ರಾಯನಿಗೆ ಪಿತ್ತ ನೆತ್ತಿಗೇರಿತು. ಆಗಷ್ಟೇ ಮದರಾಸಿನಲ್ಲಿ ಕೇಬಲ್ ಟಿವಿಗೆ ಹೊಸ ಪೆಟ್ಟಿಗೆ ಕೊಳ್ಳಬೇಕೆಂಬ ಕಟ್ಟಳೆ ಬಂದು, ಅವನ ಕ್ರಿಕೆಟ್ ಚಾನಲ್ಲು ಮಾಯವಾಗಿತ್ತು. "ಯಾವ ಚಾನಲ್ ನೋಡ್ಬೇಕು ಅಂತಲೂ ಗವರ್ಮೆಂಟೇ ಹೇಳತ್ತೆ, ಯಾರ ಕಿಡ್ನಿ ತೊಗೋಬೇಕು ಅಂತಲೂ ಅದೇ ಹೇಳತ್ತೆ! ನಮ್ಮ ಮನೆ ಟಿವಿ, ನಮ್ಮ ಮನೆ ಸೊಸೆ, ಇವರಿಗೇನ್ ಕಷ್ಟ?" ಎಂದು ಕೂಗಾಡಿದ. ನಾನೂ ಅವನ ಜೊತೆ ಸೇರಿಕೊಂಡು ಬೈದೆ. ನಮ್ಮ ಮನೆ ಟಿವಿ, ನಮ್ಮ ಮನೆ ಸೊಸೆ ಎಂದು ಅವನು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ಆಗ ನನ್ನ ಕಿವಿಗೆ ಚುಚ್ಚಲಿಲ್ಲ.

ಸಮಿತಿಯ ಮುಂದೆ ಹೋದ ದಿನ ಹೊರಗಿನ ಬೆಂಚಿನಲ್ಲಿ ಎಣ್ಣೂರಿನ ಕಡೆಯ ಒಬ್ಬ ಹೆಂಗಸು ಕೂತಿದ್ದಳು. ಬಡಕಲು ಜೀವ. ಯಾರಿಗೋ ಕಿಡ್ನಿ ಕೊಡಲು ಬಂದವಳು. ನಾನು ಹೆಸರೇನಮ್ಮ ಎಂದು ಕೇಳಿದರೂ ಪಕ್ಕದಲ್ಲಿದ್ದ ಗಂಡಸೇ ಉತ್ತರ ಹೇಳುತ್ತಿದ್ದ. ಅವಳು ಬಾಯಿ ತೆರೆಯುವ ಮೊದಲೇ, "ಅವಳಿಗೆ ಪೂರ್ಣ ಸಮ್ಮತಿ" ಎನ್ನುತ್ತಿದ್ದ. ಪಾಪ ಎನ್ನಿಸಿತು. ಅಷ್ಟರಲ್ಲಿ ನಮ್ಮನ್ನು ಕರೆದರು. ಒಳಗೆ ಮೂರು ನಾಲ್ಕು ಜನ ಇದ್ದರು, ನಡುವೆ ಕನ್ನಡಕ ಹಾಕಿದ ಒಬ್ಬ ಹೆಂಗಸು. ಆಕೆ ವೃಂದಾಳನ್ನು ತಮಿಳಿನಲ್ಲಿ ಏನೋ ಕೇಳಿದರು. "ಅವಳಿಗೆ ಪೂರ್ತಿ ಒಪ್ಪಿಗೆ ಮೇಡಂ, ಮಗಳಿಗಿಂತ ಹೆಚ್ಚು ನನಗೆ" ಎಂದು ನಾನು ಹೇಳಿದೆ. ಮತ್ತೊಂದು ಕೇಳಿದರು, ಅದಕ್ಕೂ ನಾನೇ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟು, ಮೆತ್ತಗೆ, "ಅಮ್ಮಾ, ಕೇಳ್ವಿ ಅವಂಗಳುಕ್ಕು. ನೀಂಗ ಕೊಂಜಂ ವೆಳಿಯೆ ಉಕ್ಕಾರುಂಗ" ಎಂದರು. ಪ್ರಶ್ನೆ ಅವಳಿಗೆ, ನೀವು ಸ್ವಲ್ಪ ಹೊರಗೆ ಕೂತಿರಿ ಎಂದು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ನಾನು ಹೋಗಿ ಕೂತದ್ದು ಆ ಎಣ್ಣೂರಿನವಳ ಪಕ್ಕದಲ್ಲೇ. ಅವಳ ಆ ಕಡೆ ಆ ಗಂಡಸು, ಈ ಕಡೆ ನಾನು. ಯಾಕೋ ಅವನ ಮುಖ ನೋಡಲು ನಾಚಿಕೆಯಾಯಿತು.

ವೃಂದಾ ಬಹಳ ಹೊತ್ತು ಬರಲಿಲ್ಲ. ಅವಳ ಹಿಂದೆಯೇ ಬಂದ ಗುಮಾಸ್ತರು, ಸಮಿತಿಗೆ ಸಮಾಧಾನವಾಗಿಲ್ಲ, ಸದ್ಯಕ್ಕೆ ಅನುಮತಿ ಇಲ್ಲ ಎಂದರು. ನಮ್ಮ ಜೊತೆ ಬಂದು ಕೆಳಗೆ ಕಾಯುತ್ತಿದ್ದ ಸುಬ್ರಾಯ ಅಲ್ಲೇ ಜಗಳಕ್ಕೆ ನಿಂತ. ಅವನನ್ನು ಎಳೆದುಕೊಂಡು ಬಂದು ಬೇರೆ ಆಟೋದಲ್ಲಿ ಕಳಿಸಿದೆವು. ನಮ್ಮ ಮನೆಯ ಮೆಟ್ಟಿಲು ನಿನಗೆ ಗೊತ್ತಲ್ಲ, ಆಗ ನನಗೆ ಒಂದೇ ಉಸಿರಿಗೆ ಹತ್ತಲು ಆಗುತ್ತಿರಲಿಲ್ಲ, ತಿರುವಿನಲ್ಲಿ ಕೂತು ಹತ್ತುತ್ತಿದ್ದೆ. ಅವತ್ತು ಅಲ್ಲಿ ಕೂತಾಗ ಅವಳೂ ಪಕ್ಕದಲ್ಲಿ ಕೂತಳು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತನ್ನ ರಾಯಚೂರಿನ ಮಾತಿನಲ್ಲಿ ಹೇಳಿದಳು: "ಅತ್ತೆ, ಅವರು 'ವೇಂಡಾಂನು ಸೊಲ್ಲ ಮುಡಿಯುಮಾ' ಅಂತ ಕೇಳಿದ್ರು. ಬ್ಯಾಡ ಅನ್ನಲಿಕ್ಕೆ ನಿನಗ ಆಗ್ತದೇನು ಅಂತ. ನನಗ ಏನು ಹೇಳಬೇಕಂತ ತಿಳೀಲಿಲ್ರೀ. ಸುಮ್ಮನ ಕೂತೆ."

"ನೀನು ಬೇಡ ಅಂದ್ರೆ ಏನಾಗತ್ತೆ ಅಂದ್ಕೊಂಡಿದ್ದೆ?" ಎಂದೆ.

"ನೀವು ಹೋಗ್ತೀರಿ. ಆಮ್ಯಾಲೆ ಮಾಮಾ ನನ್ನ ರಾಯಚೂರಿಗೆ ಕಳಸ್ತಾರ. ಅಪ್ಪ ಅವ್ವ ಇಲ್ಲ, ಅಣ್ಣ ಕಾಗದಾನೂ ಬರಿಯಂಗಿಲ್ಲ. ಅಲ್ಲಿ ಯಾರಿದ್ದಾರ್ರೀ ನನಗ?"

ಭಾವನಾ, ಅವಳ ಧ್ವನಿಯಲ್ಲಿ ದೂರು ಇರಲಿಲ್ಲ ಕಣೆ. ಬಸ್ಸಿನ ಹೊತ್ತು ಹೇಳಿದ ಹಾಗೆ ಹೇಳಿದಳು. ಅವಳು ತಲೆಯಾಡಿಸಿದ್ದನ್ನು ನಾವೆಲ್ಲ ಪ್ರೀತಿ ಎಂದುಕೊಂಡಿದ್ದೆವು. ಇರುವ ಸೂರು ತಪ್ಪದಿರಲಿ ಎಂದು ಕೂಡ ಒಂದು ಹೆಣ್ಣು ತಲೆಯಾಡಿಸುತ್ತದೆ. ಅದು ನನಗೆ ಗೊತ್ತಿರಬೇಕಿತ್ತು, ನಾನೂ ಗಂಡನನ್ನು ಕಳಕೊಂಡವಳೇ ತಾನೇ. ನಾನು ಅವಳ ಕೈ ಹಿಡಿದು ಹೇಳಿದೆ: "ನೋಡು, ಗುರು ಇದ್ದಾಗ ಈ ಮನೆ ನಿನ್ನದು ಹೇಗೋ, ಈಗಲೂ ಹಾಗೇ. ನಾನಿದ್ದರೂ ನಿನ್ನದೇ, ಹೋದರೂ ನಿನ್ನದೇ. ಸುಬ್ರಾಯ ಯಾರು ಕಳಿಸೋದಕ್ಕೆ? ಈಗ ಹೇಳು, ನಿನಗೆ ಇಷ್ಟವಿದೆಯಾ, ಇಲ್ಲವಾ?"

ಅವಳು ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿಕೊಂಡಳು. ಆಮೇಲೆ, "ಹಂಗಾದ್ರ ಬ್ಯಾಡ್ರೀ ಅತ್ತೆ. ನನಗ ಭಾಳ ಅಂಜಿಕಿ ಆಗ್ತದ" ಎಂದಳು.

ಸುಳ್ಳು ಬರೆಯುವುದಿಲ್ಲ. ಅವಳು ಅಳುತ್ತಾ, ಇಲ್ಲ ಅತ್ತೆ ಕೊಡುತ್ತೇನೆ ಎನ್ನಬಹುದೆಂಬ ಆಸೆ ಎಲ್ಲೋ ಮೂಲೆಯಲ್ಲಿತ್ತು. ಆದರೆ ಕೇಳಿದವಳು ನಾನು. ಕೇಳಿದ ಮೇಲೆ ಬಂದ ಉತ್ತರವನ್ನು ತೆಗೆದುಕೊಳ್ಳಲೇಬೇಕು. "ಸರಿ" ಎಂದೆ. ಇಬ್ಬರೂ ಎದ್ದು ಉಳಿದ ಮೆಟ್ಟಿಲು ಹತ್ತಿದೆವು.

ಸುಬ್ರಾಯನಿಗೆ ನಾನೇ ಹೇಳಿದೆ. ಅವನು ಕೆಂಡವಾದ. ಎಣ್ಣೂರಿನಲ್ಲಿ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಒಬ್ಬ ದಲ್ಲಾಳಿ ಗೊತ್ತು, "ಕೊಡೋವ್ರಿಗೂ ಇಷ್ಟ, ತೊಗೊಳ್ಳೋವ್ರಿಗೂ ಇಷ್ಟ, ನಡುವೆ ಇವರು ಯಾರು?" ಎಂದ. ಆ ಬೆಂಚಿನ ಮೇಲೆ ಕೂತಿದ್ದವಳು ಕಣ್ಣಮುಂದೆ ಬಂದಳು. ಆ ಮಾತು ಇನ್ನೊಮ್ಮೆ ಎತ್ತಬೇಡ ಎಂದೆ. ಅವನು ತಿಂಗಳುಗಟ್ಟಲೆ ವೃಂದಾಳ ಜೊತೆ ಮಾತಾಡಲಿಲ್ಲ. ನನ್ನ ಮೇಲಿನ ಪ್ರೀತಿ ಅವನಿಂದ ಹಾಗೆಲ್ಲ ಆಡಿಸಿತು, ಅವನ ಮೇಲೆ ಬೇಸರ ಇಟ್ಟುಕೊಳ್ಳಬೇಡ.

ವೃಂದಾ ಮಾತ್ರ ಬೇರೆಯೇ ಹುಡುಗಿಯಾದಳು. ಗಿಂಡಿಯ ಕೈಗಾರಿಕಾ ಎಸ್ಟೇಟಿನಲ್ಲಿ ನೀರಿನ ಪಂಪು ಮಾಡುವ ಒಂದು ಕಾರ್ಖಾನೆಯಲ್ಲಿ ಕೆಲಸ ಹುಡುಕಿಕೊಂಡಳು. ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೇನು ಹಿಡಿದು ಹೋಗುವಳು, ಸಂಜೆ ಬಂದು ಆಫೀಸಿನ ಕಥೆಗಳನ್ನೆಲ್ಲಾ ಹೇಳುವಳು. ನಮ್ಮ ಮನೆಗೆ ಬಂದ ಇಷ್ಟು ವರ್ಷಗಳಲ್ಲಿ ಅವಳು ಅಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಅವಳ ಡಬ್ಬಿಯನ್ನು ನಾನೇ ಕಟ್ಟುತ್ತಿದ್ದೆ. ಸ್ಟೂಲಿನ ಮೇಲೆ ಕೂತೇ ಹುಳಿಯನ್ನ ಕಲಸುತ್ತಿದ್ದೆ. ಮನಸ್ಸಿನಲ್ಲಿ ಕಹಿ ಬರುತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಮೆಷಿನ್ನಿನಿಂದ ಬಂದ ಸಂಜೆಗಳಲ್ಲಿ ಬರುತ್ತಿತ್ತು. ಬೆಳಿಗ್ಗೆ ಅವಳು ಮಲ್ಲಿಗೆ ಮುಡಿದು, "ಬರ್ತೀನ್ರೀ ಅತ್ತೆ" ಎಂದು ಓಡುವುದನ್ನು ನೋಡಿದರೆ ಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಡಬ್ಬಿ ತೆಗೆದುಕೊಳ್ಳಲು ಬಂದವಳು ಹಾಗೇ ನಿಂತಳು. "ಅತ್ತೆ, ಈಗ ನಾನು ಕೊಡ್ತೀನಿ" ಎಂದಳು. ಏನನ್ನು ಎಂದು ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ, ಬೇಡ, ನಿನ್ನನ್ನು ಯಾರಾದರೂ ಏನಾದರೂ ಅಂದರಾ ಎಂದು ಹೆದರಿದೆ. "ಯಾರೂ ಅಂದಿಲ್ರೀ. ಬ್ಯಾಡ ಅಂದ ಮ್ಯಾಲೂ ನೀವು ನನಗ ದಿನಾ ಡಬ್ಬಿ ಕಟ್ಟಿಕೊಟ್ರಿ. ಇಂಥಾಕಿ ಇನ್ನೊಂದಷ್ಟು ವರ್ಷ ಇರಬೇಕು ಅನಸ್ತದ. ಅಂಜಿಕಿ ಇನ್ನೂ ಅದ, ಇರಲಿ" ಎಂದಳು. ನಾನು ಇನ್ನೊಮ್ಮೆ ಯೋಚಿಸು ಎಂದು ಹಟ ಹಿಡಿದೆ. ಅವಳು ಅದಕ್ಕೂ ಮೊದಲೇ ಡಾಕ್ಟರ ಹತ್ತಿರ ತಾನೇ ಹೋಗಿ, ಒಂದು ಕಿಡ್ನಿಯಲ್ಲಿ ಬದುಕುವುದು ಹೇಗೆ, ಮುಂದೆ ಮಕ್ಕಳಾಗಬಹುದೇ, ಎಲ್ಲವನ್ನೂ ಕೇಳಿ ತಿಳಿದುಕೊಂಡು ಬಂದಿದ್ದಳು.

ಮತ್ತೆ ಅದೇ ಕಚೇರಿ, ಅದೇ ಕನ್ನಡಕದ ಹೆಂಗಸು. ಈ ಸಲ ಯಾರೂ ಹೇಳುವ ಮೊದಲೇ ನಾನು ಹೊರಗೆ ಹೋಗಿ ಕೂತೆ. ಆಕೆ ಮತ್ತೆ ಅದೇ ಪ್ರಶ್ನೆ ಕೇಳಿದರಂತೆ, ಬೇಡ ಎನ್ನಲು ನಿನಗೆ ಆಗುತ್ತದೆಯೇ ಎಂದು. ವೃಂದಾ, "ಮುಡಿಯುಂ ಮೇಡಂ. ಒರು ತಡವೆ ಸೊಲ್ಲಿಟ್ಟೇನ್" ಎಂದಳಂತೆ. ಆಗುತ್ತದೆ, ಒಂದು ಸಲ ಹೇಳಿಯೂ ಆಗಿದೆ! ಒಳಗಿನಿಂದ ನಗು ಕೇಳಿಸಿತು. ಅನುಮತಿ ಸಿಕ್ಕಿತು.

ಆಪರೇಷನ್ ಆದ ಮೇಲೆ ಎಚ್ಚರವಾದಾಗ ನರ್ಸಮ್ಮ ಮಂಚಕ್ಕೆ ತೂಗುಹಾಕಿದ ಚೀಲವನ್ನು ತೋರಿಸಿ, "ಪಾರುಂಗ ಪಾಟಿ, ಯೂರಿನ್!" ನೋಡಿ ಅಜ್ಜಿ, ಮೂತ್ರ ಬಂತು ಎಂದು ಕುಣಿದಳು. ನಗಬೇಡ, ಆ ಹಳದಿ ನೀರು ನೋಡಿ ನಾನು ಕೈಮುಗಿದೆ. ಆಚೆ ವಾರ್ಡಿನಲ್ಲಿದ್ದ ವೃಂದಾಗೆ ಸುದ್ದಿ ಮುಟ್ಟಿಸಿದವನು ಯಾರು ಗೊತ್ತೇ? ಸುಬ್ರಾಯ. ಅವಳ ಮಂಚದ ಪಕ್ಕ ನಿಂತು ಮಗುವಿನ ಹಾಗೆ ಅತ್ತನಂತೆ. ಈಗ ಅವಳಿಗೆ ಎಳನೀರು ತರುವುದೇ ಅವನ ಕೆಲಸ.

ಹಾಗೆಂದು ಸರ್ಕಾರ ಎಲ್ಲದಕ್ಕೂ ತಲೆಹಾಕುವುದು ಸರಿ ಎಂದು ನಾನು ಹೇಳುವುದಿಲ್ಲ. ಟಿವಿ ಪೆಟ್ಟಿಗೆಯ ವಿಷಯದಲ್ಲಿ ಸುಬ್ರಾಯ ಹೇಳುವುದೇ ಸರಿ, ನನ್ನ ಧಾರಾವಾಹಿಗಳೂ ಹಾಳಾದವು. ಮಾತ್ರೆಗೆ ಚೀಟಿ, ಚೀಟಿಗೆ ಇನ್ನೊಂದು ಚೀಟಿ ಎಂದು ಅಲೆಸುವುದೂ ನನಗೆ ಸಿಟ್ಟೇ. ಆ ಆರು ತಿಂಗಳಲ್ಲಿ ನಾನು ಹೋಗಿಬಿಟ್ಟಿದ್ದರೆ ನೀನು ಅವರನ್ನು ಶಪಿಸುತ್ತಿದ್ದೆ, ಆ ಶಾಪ ತಪ್ಪೆಂದು ಹೇಳಲು ನಾನೂ ಇರುತ್ತಿರಲಿಲ್ಲ. ಆದರೆ ಅವತ್ತೇ ಅನುಮತಿ ಕೊಟ್ಟಿದ್ದರೆ, ಹೆದರಿದ ಹುಡುಗಿಯ ಹೊಟ್ಟೆಯಿಂದ ಕಿತ್ತುಕೊಂಡದ್ದನ್ನು ನಾನು ಪ್ರೀತಿಯ ಕಾಣಿಕೆ ಎಂದುಕೊಂಡು ಹೊತ್ತು ತಿರುಗುತ್ತಿದ್ದೆ. ಹೆಸರು ಕೂಡ ಗೊತ್ತಿಲ್ಲದ ಆ ಹೆಂಗಸು ಬಾಗಿಲು ಹಾಕಿ ನನ್ನ ಸೊಸೆಯನ್ನು ಒಂದು ಮಾತು ಕೇಳಿದರಲ್ಲ, ಅದಕ್ಕಾಗಿ ದಿನಾ ಬೆಳಿಗ್ಗೆ ಅವರನ್ನು ನೆನೆಯುತ್ತೇನೆ. ನೀನೂ ಅವರ ಮೇಲಿನ ಸಿಟ್ಟು ಬಿಡು.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ಅಳಿಯಂದಿರಿಗೆ ಆಶೀರ್ವಾದ. ರಾಯರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ವೆಂಕಟಲಕ್ಷ್ಮಿ

ಮರೆತೆ: ಇಷ್ಟೆಲ್ಲಾ ಬರೆದು ಮುಖ್ಯವಾದುದನ್ನೇ ಬಿಟ್ಟೆ, ನಾಳೆ ಬೆಳಿಗ್ಗೆಯೇ ಇದನ್ನು ಅಂಚೆಗೆ ಹಾಕಬೇಕು. ವೃಂದಾ ಮದುವೆಯಾಗುತ್ತಾಳೆ. ಹುಡುಗ ಬದರಿನಾಥ, ಅವಳ ಕಾರ್ಖಾನೆಯವನೇ, ತಂಗಿಯರ ಮದುವೆ ಮಾಡುವಷ್ಟರಲ್ಲಿ ತನ್ನದನ್ನು ಮರೆತವನು. ಆಪರೇಷನ್ನಿನ ವಿಷಯ ಎಲ್ಲವೂ ಗೊತ್ತು. ಅವಳು ನನ್ನ ಅನುಮತಿ ಕೇಳಲಿಲ್ಲ ಕಣೆ, "ಅತ್ತೆ, ನಾನು ಮದುವಿ ಆಗ್ತೀನಿ" ಎಂದು ಹೇಳಿದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಪಾಯಸಕ್ಕೆ ಇಟ್ಟೆ. ಧಾರೆ ಎರೆದುಕೊಡಲು ದಂಪತಿಗಳು ಬೇಕು, ನಾನೊಬ್ಬಳೇ ಆಗುವುದಿಲ್ಲ. ಕಾರ್ತಿಕದಲ್ಲಿ ನೀವಿಬ್ಬರೂ ಬಂದು ಹೆಣ್ಣಿನ ಕಡೆಯವರಾಗಿ ನಿಲ್ಲಬೇಕೆಂದು ನನ್ನ ಆಸೆ. ಅಣ್ಣನ ಹೆಂಡತಿಯನ್ನು ಇನ್ನೊಬ್ಬರಿಗೆ ಧಾರೆ ಎರೆಯುವುದು ನಿನಗೆ ಸಂಕಟವಾದರೆ ಹಾಗೆಂದೇ ಬರೆ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಅಳಿಯಂದಿರಾದ ಸತ್ಯಾತ್ಮ ಅವರನ್ನೂ ಬೇರೆಯಾಗಿ ಕೇಳು. ಅವರ ಪರವಾಗಿ ನೀನೇ ಹ್ಞೂಂ ಎಂದುಬಿಡಬೇಡ.