ಅರಿಶಿನ ಮೆತ್ತಿದ ಚಿಪ್

ಮೈಸೂರು
೧೮ ಆಗಸ್ಟ್ ೨೦೨೪, ಭಾನುವಾರ ಸಂಜೆ. ಲ್ಯಾಬಿನಲ್ಲಿ ಒಬ್ಬಳೇ ಇದ್ದೇನೆ.

ಮಾದೇಶ್ ಅವರಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಮಿರ್ಲೆಯ ನಿಮ್ಮ ಹೊಸ ಬೋರ್‌ವೆಲ್ ನೀರಿನ ವಿಷಯ.

ಮೊನ್ನೆ ಶುಕ್ರವಾರ ಬೀದಿಯವರನ್ನೆಲ್ಲ ಕರೆದು, ಹೆಂಡತಿಯಾದ ನನ್ನ ಕೈಯಿಂದಲೇ ನೀರಿನ ಪರೀಕ್ಷೆ ಮಾಡಿಸಲು ಏರ್ಪಾಟು ಮಾಡಿದಿರಿ. ಪಂಚಾಯ್ತಿ ಚುನಾವಣೆಗೆ ನಿಲ್ಲುವವರು ನೀವು. ಎಲ್ಲರಿಗೂ ಆ ಬೋರಿನ ನೀರು ಕೊಡುತ್ತೇನೆಂದು ಹೇಳಿಯಾಗಿತ್ತು. ನಾನು ತಂದದ್ದು ಉಗುರಿನಗಲದ ಸಿಲಿಕಾನ್ ಚಿಪ್. ಅದರ ಮೈಮೇಲೆ ರಾಸಾಯನಿಕದ ತೆಳು ಪದರವೊಂದನ್ನು ಕೂರಿಸುವುದೇ ನನ್ನ ಕೆಲಸ. ನೀರಿನಲ್ಲಿ ನೈಟ್ರೇಟ್ ಇದ್ದರೆ ಆ ಪದರ ಹಿಡಿಯುತ್ತದೆ, ಮೀಟರು ಏರುತ್ತದೆ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ನಿಮ್ಮ ಅವ್ವ, ಹೊಸ ಟ್ರಾಕ್ಟರಿಗೆ ಮಾಡುವ ಹಾಗೆ, ಚಿಪ್‌ಗೂ ಅರಿಶಿನ ಮೆತ್ತಿ ಕುಂಕುಮ ಇಟ್ಟಿದ್ದರು. ಬೇಡವೆಂದರೂ ನೀವೇ ಅದನ್ನು ನೀರಿಗೆ ಅದ್ದಿದಿರಿ. ಮೀಟರು ಸೊನ್ನೆ ತೋರಿಸಿತು. ಚಪ್ಪಾಳೆ ಬಿತ್ತು.

ಪದರ ಮುಚ್ಚಿಹೋಗಿದೆ, ಈ ಸೊನ್ನೆ ಸುಳ್ಳು ಎಂದು ಹಿತ್ತಲಿನಲ್ಲಿ ಹೇಳಿದೆ. "ಸೊನ್ನೆ ಬಂತಲ್ಲ, ಬುಡು ಅತ್ಲಾಗೆ" ಎಂದಿರಿ. ಬಾಣಂತನಕ್ಕೆ ಬಂದಿರುವ ನಿಮ್ಮ ತಂಗಿ ಪುಟ್ಟಿಗೆ ಹಾಲು ಸಾಲದು, ಕೂಸಿಗೆ ಪುಡಿಹಾಲು ಕಲಸುವುದು ಇದೇ ನೀರಿನಲ್ಲಿ ಎಂದೆ. ಅದಕ್ಕೆ ಉತ್ತರ ಕೊಟ್ಟವರು ಅವ್ವ.

"ಮಕ್ಳಿಲ್ದೋಳು ಕಣ್ಲಾ. ಕೂಸ್ ಕಂಡ್ರೆ ಒಟ್ಟೆ ಉರಿ ಇವ್ಳಿಗೆ."

ನೀವು ನಕ್ಕಿರಿ. ಒಂದು ಬಾಟಲಿ ನೀರು ತುಂಬಿಕೊಂಡು ನಾನು ಸಂಜೆಯ ಬಸ್ಸು ಹತ್ತಿದೆ.

ಇವತ್ತು ಆ ನೀರಿಗೆ ಹೊಸ ಚಿಪ್ ಅದ್ದಿದೆ. ನೈಟ್ರೇಟ್ ಇರಬಹುದಾದ ಮಿತಿಯ ಮೂರು ಪಟ್ಟಿದೆ. ದೊಡ್ಡವರು ತಡೆದುಕೊಳ್ಳಬಹುದು. ಎಳೆಗೂಸಿನ ರಕ್ತಕ್ಕೆ ಉಸಿರು ಹೊರುವ ಶಕ್ತಿಯೇ ಹೋಗುತ್ತದೆ. ಮೊದಲು ತುಟಿ ನೀಲಿಯಾಗುತ್ತದೆ.

ನೀವು ಫೋನ್ ಎತ್ತಲಿಲ್ಲ. ಅವ್ವ ಎತ್ತಿದರು. ಚೆನ್ನಾಗಿ ಕುದಿಸಿಯೇ ಕೊಡುತ್ತಿದ್ದಾರಂತೆ. ಕುದಿಸಿದರೆ ನೀರು ಆವಿಯಾಗುತ್ತದೆ, ನೈಟ್ರೇಟ್ ಅಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ ಎಂದರೆ ಕೇಳಲಿಲ್ಲ. ಬಾಣಂತಿ ಫೋನ್ ಮುಟ್ಟಬಾರದೆಂದು ಪುಟ್ಟಿಗೂ ಕೊಡಲಿಲ್ಲ.

ಇವತ್ತಿನ ಕೊನೆಯ ಬಸ್ಸು ಹೋಗಿದೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಪುಟ್ಟಿಯ ಮುಂದೆ ನಿಮ್ಮ ಕೈಗೆ ಕೊಟ್ಟು, ನಿಮ್ಮ ಬಾಯಿಂದಲೇ ಓದಿಸುತ್ತೇನೆ.

ನಂದಿತಾ

ಮರೆತ ಮಾತು: ಶುಕ್ರವಾರ ಬಸ್ಸು ಕೃಷ್ಣರಾಜನಗರದಲ್ಲಿ ನಿಂತಾಗ ನಿಮ್ಮ ಬೈಕಿನಲ್ಲಿ ಅಂಗಡಿಯಿಂದ ಕೊಂಡ ನೀರಿನ ಕ್ಯಾನ್ ಕಂಡೆ. ಕೂಸಿಗೆ ಎಂದುಕೊಂಡು ಸಮಾಧಾನಪಟ್ಟಿದ್ದೆ. ಇವತ್ತು ಅವ್ವನನ್ನು ಕೇಳಿದರೆ, "ಅದು ಮಾದೇಶಂಗೆ ಕಣವ್ವ, ಬೋರ್ ನೀರು ಗಂಟ್ಲಿಗೆ ಆಗಾಕಿಲ್ವಂತೆ" ಎಂದರು. ಈ ಸಾಲನ್ನೂ ಬಿಡದೆ, ಗಟ್ಟಿಯಾಗಿ ಓದಿ.