ಪಿಳ್ಳಣ್ಣನವರ ಇಸ್ತ್ರಿ ಅಂಗಿ

ಸಾರಕ್ಕಿ, ೧೨-೫-೮೪

ಅಕ್ಕಾ,

ಬೇಸಿಗೆ ಶಿಬಿರಕ್ಕೆ ಬಂದ ನಾವು ಹದಿನಾಲ್ಕು ಚಿತ್ರಕಲಾ ವಿದ್ಯಾರ್ಥಿಗಳು ಪಿಳ್ಳಣ್ಣ ಎಂಬುವರ ಹಳೇ ಕೊಟ್ಟಿಗೆಯಲ್ಲಿದ್ದೇವೆ. ಅದಕ್ಕೀಗ ಸ್ಟುಡಿಯೋ ಎಂದು ಹೆಸರು. ನಿನ್ನೆ ಮೇಷ್ಟ್ರು ಅವರನ್ನೇ ಮಾಡೆಲ್ ಆಗಿ ಕೂರಲು ಕರೆದರು. ಪಾಪ, ಅವರು ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಹಾಕಿದ ಟೆರಿಲಿನ್ ಅಂಗಿ ತೊಟ್ಟು, ವಾಚು ಕಟ್ಟಿ ಬಂದರು. ಮೇಷ್ಟ್ರು ಹರಳೆಣ್ಣೆ ಕುಡಿದವರ ಮುಖ ಮಾಡಿದರು.

"ಅಂಗಿ ಬಿಚ್ಚಿ, ತಲೆಗೊಂದು ಹರಕು ಟವೆಲ್ ಸುತ್ತಿ, ನೇಗಿಲು ಹಿಡ್ಕೊಳ್ಳಿ. ನಮಗೆ ರೈತ ಬೇಕು."

"ಜಮೀನು ಲೇಔಟಿಗೆ ಹೋಗಿ ಐದು ವರ್ಷ ಆಯ್ತು ಸಾರ್, ನೇಗಿಲು ಹಂಡೆ ಒಲೆಗೆ ಹೋಯ್ತು. ನಿಮ್ಮಪ್ಪನ ಫೋಟೋ ತೆಗೆಸುವಾಗ್ಲೂ ಅಂಗಿ ಬಿಚ್ಚಿಸ್ತೀರಾ?" ಎಂದು ಪಿಳ್ಳಣ್ಣ ಎದ್ದು ಹೋದರು.

ಮೇಷ್ಟ್ರು ಬಿಡಲಿಲ್ಲ, ನೆನಪಿನಿಂದ ಬರೆಯಿರಿ ಎಂದರು. ಹದಿನಾಲ್ಕು ಹಾಳೆಯಲ್ಲೂ ಬರಿಮೈ, ನೇಗಿಲು! ಆ ದುಂಡುಮೈಯವರಿಗೆ ಇಲ್ಲದ ಪಕ್ಕೆಲುಬು ಬರೆದ ನನಗೇ ಮೊದಲ ಬಹುಮಾನ. ಇನ್ನು ಅವರಿಗೆ ಹೇಗೆ ಮುಖ ತೋರಿಸಲಿ?

ಟರ್ಪೆಂಟೈನ್ ವಾಸನೆಗೆ ಕೆಮ್ಮು ಹತ್ತಿದೆ, ಉಳಿದಂತೆ ಆರೋಗ್ಯ. ಕಾರ್ಡು ತುಂಬುತ್ತಿದೆ, ಮುಖ್ಯ ಮಾತು ಕೇಳು. ಜೂನಿನಲ್ಲಿ ಮೇಷ್ಟ್ರು 'ನಿಜವಾದ ಹಳ್ಳಿ' ನೋಡಲು ನಮ್ಮೂರಿಗೇ ಬರುತ್ತಾರಂತೆ. ಅಪ್ಪನಿಗೆ ಈಗಲೇ ಹೇಳಿಡು: ಯಾರು ಏನೇ ಅಂದರೂ ಅಂಗಿ ಬಿಚ್ಚಬಾರದು. ನಾನು ಹೇಳಿದರೂ.

ಮಂಗಳ